ಅರ ಹಿಡಿದು ತಿದ್ದಿದ ಟೈಮಿಂಗ್

ಗುಂಡ್ಲುಪೇಟೆಯ ಬೈಕ್ ಗ್ಯಾರೇಜುಗಳಲ್ಲಿ ಈಗಿನ ಹುಡುಗರು ಕೇಳುವ ಪ್ರಶ್ನೆ: "ಅಣ್ಣ, ವಿವಿಎ ಲಾಕ್ ಮಾಡ್ಸುದ್ರ ಟಾಪ್ ಜಾಸ್ತಿ ಆಯ್ತದಾ?" ಚಾಮರಾಜನಗರದಲ್ಲಿ ಹೊಸ ಟರ್ಬೊ ಪೆಟ್ರೋಲ್ ಕಾರು ಕೊಂಡವರದು ಇನ್ನೊಂದು ಚಿಂತೆ: "ಓಡ್ತಾ ಓಡ್ತಾ ಎರಡು ಸಿಲಿಂಡರ್ ನಿಂತೋಯ್ತವಂತಲ್ಲ, ಅದ್ನ ತೆಗ್ಸಿ ಹಾಕಕ್ಕಾಗಲ್ವಾ?" ಮೂವತ್ತು ವರ್ಷದ ಹಿಂದೆ ಇದೇ ರಸ್ತೆಗಳ ಪಕ್ಕದಲ್ಲಿ, ಇಷ್ಟೇ ಹುರುಪಿನಿಂದ, ಆಗಿನ ಹುಡುಗರು ಬೇರೆ ಬೇರೆ ಭಾಗಗಳನ್ನು ಕಿತ್ತು ಹಾಕಿಸುತ್ತಿದ್ದರು. ಆ ಕಾಲದ ಕೆಲಸವನ್ನು ಹತ್ತಿರದಿಂದ ನೋಡಿದವನು ನಾನು. ಅದರಲ್ಲಿ ಎಷ್ಟು ತಿಳಿವಳಿಕೆ ಇತ್ತು, ಎಷ್ಟು ಬರಿಯ ಚಟ ಇತ್ತು ಎಂಬುದನ್ನು ಬೇರೆ ಮಾಡದೆ ಈಗಿನ ಪ್ರಶ್ನೆಗೆ ಉತ್ತರ ಹೇಳಲಾಗದು.

ಆಗ ಚಾಮರಾಜನಗರ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಮೈಸೂರಿನಿಂದ ನಂಜನಗೂಡು, ಬೇಗೂರು ದಾಟಿ ಬರುವ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆದು ಒಂದು ಊಟಿಗೆ, ಒಂದು ಸುಲ್ತಾನ್ ಬತ್ತೇರಿಗೆ ಹೋಗುತ್ತದೆ. ಕೇರಳಕ್ಕೆ ತರಕಾರಿ ಹೊತ್ತ ಲಾರಿಗಳು ರಾತ್ರಿಯಿಡೀ ಓಡುತ್ತಿದ್ದ ಕಾಲ ಅದು. ಬಂಡೀಪುರದ ರಾತ್ರಿ ಸಂಚಾರ ನಿಷೇಧ ಬಂದದ್ದು 2009ರಲ್ಲಿ. ಲಾರಿ ನಿಲ್ಲುವ ಊರಲ್ಲಿ ಲೇತ್ ಇರುತ್ತದೆ, ವೆಲ್ಡಿಂಗ್ ಅಂಗಡಿ ಇರುತ್ತದೆ, ಡೀಸೆಲ್ ಪಂಪ್ ಬಿಚ್ಚಿ ಜೋಡಿಸುವವರಿರುತ್ತಾರೆ. ನಮ್ಮ ಬೈಕ್ ಹುಡುಗರ ವಿದ್ಯೆಯೆಲ್ಲ ಆ ಲಾರಿ ಅಂಗಡಿಗಳ ಅಂಚಿನಲ್ಲೇ ಬೆಳೆಯಿತು.

ಓಡಿಸಲು ಇದ್ದದ್ದು ಮುಖ್ಯವಾಗಿ ಎರಡು ಬೈಕು. ಒಂದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ. ಆ ಕಾರ್ಖಾನೆ 1961ರಲ್ಲಿ ಬೈಕು ಹೊರತರಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು. ಇನ್ನೊಂದು 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100. ಅದರ ತಯಾರಿಕೆ ನಿಂತದ್ದೂ 1996ರಲ್ಲೇ. ಎರಡೂ ಟೂ ಸ್ಟ್ರೋಕ್. ಯೆಜ್ಡಿಯನ್ನು ಗೊಬ್ಬರದ ಚೀಲ ಹೇರುವವರೂ ಇಟ್ಟುಕೊಂಡಿದ್ದರು, ಅದನ್ನು ಯಾರೂ ಹೆಚ್ಚು ಕೆಣಕುತ್ತಿರಲಿಲ್ಲ. ಅರ ಬೀಳುತ್ತಿದ್ದದ್ದು ಆರ್‌ಎಕ್ಸ್ ಮೇಲೆ.

ಆ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಬೀದಿಯ ಮೇಸ್ತ್ರಿ ಮೊದಲು ಹೆಡ್ ತೆಗೆದು, ಸಿಲಿಂಡರ್ ಬ್ಲಾಕ್ ಎತ್ತಿ, ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸುವರು. ಆಮೇಲೆ ಒಂದು ಕಾಗದವನ್ನು ಸುರುಳಿ ಸುತ್ತಿ ಬೋರ್ ಒಳಗೆ ತೂರಿಸಿ, ಗೋಡೆಗೆ ಒತ್ತಿ ಹಿಡಿದು, ಮಸಿ ಮೆತ್ತಿದ ಬೆರಳಿನಿಂದ ಉಜ್ಜುವರು. ಕಾಗದ ಹೊರಗೆ ಬಂದಾಗ ಅದರ ಮೇಲೆ ಪೋರ್ಟುಗಳ ಅಂಚೆಲ್ಲ ಮೂಡಿರುತ್ತಿತ್ತು. ಆ ನಕ್ಷೆಯನ್ನು ನೋಡಿ, ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು ಎಷ್ಟು ಎತ್ತಬೇಕೆಂದು ಗೆರೆ ಎಳೆದುಕೊಂಡು, ದುಂಡು ಅರ ಹಿಡಿಯುತ್ತಿದ್ದರು. ಎತ್ತುತ್ತಿದ್ದದ್ದು ಒಂದು ಮಿಲಿಮೀಟರ್, ಹೆಚ್ಚೆಂದರೆ ಒಂದೂವರೆ. ಅಂಚಿನ ಚೂಪು ಮುರಿಯಲು ಕೊನೆಗೆ ಸ್ಯಾಂಡ್ ಪೇಪರ್. ಅದನ್ನು ಮರೆತರೆ ಪಿಸ್ಟನ್ ರಿಂಗ್ ಸಿಕ್ಕಿ ತುಂಡಾಗುತ್ತದೆ.

ಟೂ ಸ್ಟ್ರೋಕಿನಲ್ಲಿ ವಾಲ್ವ್ ಎತ್ತುವ ಕ್ಯಾಮ್ ಶಾಫ್ಟ್ ಇಲ್ಲ. ಪಿಸ್ಟನ್ ಇಳಿಯುತ್ತ ಪೋರ್ಟನ್ನು ತೆರೆಯುತ್ತದೆ, ಏರುತ್ತ ಮುಚ್ಚುತ್ತದೆ. ಹಾಗಾಗಿ ಪೋರ್ಟ್ ಎಷ್ಟು ಎತ್ತರದಲ್ಲಿದೆ ಎನ್ನುವುದೇ ಟೈಮಿಂಗ್. ಆರ್‌ಎಕ್ಸ್ 100ರ ಪಿಸ್ಟನ್ ಓಡುವ ದೂರ 50 ಮಿಲಿಮೀಟರ್. ಅದರಲ್ಲಿ ಪೋರ್ಟಿನ ಅಂಚನ್ನು ಒಂದೇ ಮಿಲಿಮೀಟರ್ ಎತ್ತಿದರೂ, ಹೊಗೆ ಹೊರಗೆ ಹೋಗಲು ಸಿಗುವ ಅವಧಿ ಕ್ರ್ಯಾಂಕಿನ ಲೆಕ್ಕದಲ್ಲಿ ನಾಲ್ಕೈದು ಡಿಗ್ರಿ ಹೆಚ್ಚುತ್ತದೆ. ಇಂಜಿನ್ ಜೋರಾಗಿ ತಿರುಗುವಾಗ ಆ ಹೆಚ್ಚಿನ ಅವಧಿ ವರ. ನಿಧಾನ ತಿರುಗುವಾಗ ಅದೇ ಶಾಪ: ಉರಿದ ಗಾಳಿ ಪಿಸ್ಟನ್ನನ್ನು ಪೂರ್ತಿ ತಳ್ಳುವ ಮೊದಲೇ ಹೊರಗೆ ಹೋಗಿಬಿಡುತ್ತದೆ, ಹೊಸದಾಗಿ ಬಂದ ಪೆಟ್ರೋಲಿನ ಒಂದು ಪಾಲೂ ಅದರ ಹಿಂದೆಯೇ ಸೈಲೆನ್ಸರಿಗೆ ಹೋಗುತ್ತದೆ.

ಮೇಸ್ತ್ರಿಗೆ ಡಿಗ್ರಿಯ ಲೆಕ್ಕ ಗೊತ್ತಿರಲಿಲ್ಲ, ಪರಿಣಾಮ ಗೊತ್ತಿತ್ತು. ಅರ ಹಿಡಿಯುವ ಮುನ್ನ ಪ್ರತಿಯೊಬ್ಬನಿಗೂ ಒಂದೇ ಮಾತು: "ಮ್ಯಾಲ ಕೊಟ್ರ ಕೆಳಗ ಕಳ್ಕಬೇಕು ಕಣಪ್ಪ. ಯೋಚ್ನ ಮಾಡ್ಕೊ." ಹುಡುಗರು ಯೋಚನೆ ಮಾಡುತ್ತಿರಲಿಲ್ಲ. ತೆರಕಣಾಂಬಿಯ ನೇರ ರಸ್ತೆಯಲ್ಲಿ ಆ ಬೈಕು ಎಲ್ಲರನ್ನೂ ಹಿಂದೆ ಹಾಕುತ್ತಿತ್ತು. ಅದೇ ಬೈಕನ್ನು ಚಾಮರಾಜನಗರದಿಂದ ಸತ್ಯಮಂಗಲದ ರಸ್ತೆಗೆ ಒಯ್ದು, ಬಣ್ಣಾರಿಯಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿಸಿದರೆ ಹಣೆಬರಹ ತಿಳಿಯುತ್ತಿತ್ತು. ಒಂದೊಂದು ತಿರುವಿನಲ್ಲೂ ಆರ್‌ಪಿಎಂ ಬೀಳುತ್ತದೆ, ಬಿದ್ದ ಕೂಡಲೇ ಬೈಕು ಜೀವ ಬಿಡುತ್ತದೆ. ಫಸ್ಟ್ ಗೇರಿಗೆ ಇಳಿದು, ಹಾಫ್ ಕ್ಲಚ್ಚಿನಲ್ಲಿ ರೇಸ್ ಮಾಡಿಕೊಂಡೇ ಹತ್ತಬೇಕು. ಮೇಲೆ ಹೋಗಿ ನಿಲ್ಲಿಸುವಾಗ ಕ್ಲಚ್ ಪ್ಲೇಟ್ ಸುಟ್ಟ ವಾಸನೆ. ಹಿಂದೆ ಇನ್ನೊಬ್ಬನನ್ನು ಕೂರಿಸಿಕೊಂಡವನು ಅವನನ್ನು ಇಳಿಸಿ ನಡೆಸಿದ್ದೂ ಉಂಟು. ಅರ ಹಾಕಿದ ಬ್ಲಾಕಿಗೆ ಲೋಹವನ್ನು ಮತ್ತೆ ತುಂಬಲಾಗದು. ಹಳೆಯ ಪಿಕಪ್ ಬೇಕೆಂದರೆ ಹೊಸ ಬ್ಲಾಕೇ ಬೇಕು.

ಈ ತೊಡಕಿಗೆ ಪರಿಹಾರ ಜಗತ್ತಿನಲ್ಲಿ ಆಗಲೇ ಇತ್ತು. 1970ರ ದಶಕದ ಕೊನೆಗೇ ಯಮಹಾ ತನ್ನ 500 ಸಿಸಿ ಗ್ರ್ಯಾಂಡ್ ಪ್ರಿ ಬೈಕಿನ ಎಕ್ಸಾಸ್ಟ್ ಪೋರ್ಟಿನ ಮೇಲಂಚಿನಲ್ಲಿ ತಿರುಗುವ ಒಂದು ಉರುಳೆ ಇಟ್ಟಿತ್ತು. ವೇಗ ಕಡಿಮೆಯಿದ್ದಾಗ ಅದು ಪೋರ್ಟನ್ನು ಗಿಡ್ಡ ಮಾಡುತ್ತದೆ, ವೇಗ ಏರಿದಾಗ ಎತ್ತರ ಮಾಡುತ್ತದೆ. ಅದರ ಹೆಸರು ವೈಪಿವಿಎಸ್. 1983ರಲ್ಲಿ ಹೊರದೇಶದ ಆರ್‌ಡಿ 350ಕ್ಕೆ ಅದು ಬಂತು. ಅದೇ ವರ್ಷ ನಮ್ಮಲ್ಲಿ ಬಿಡುಗಡೆಯಾದ ರಾಜದೂತ್ 350ರಲ್ಲಿ ಅದು ಇರಲಿಲ್ಲ, ನಮಗೆ ಸಿಕ್ಕದ್ದು ಅದಕ್ಕೂ ಹಿಂದಿನ ತಲೆಮಾರಿನ ಇಂಜಿನ್. ಬಡ ಮಾರುಕಟ್ಟೆಗೆ ಹಳೆಯದನ್ನೇ ಕೊಟ್ಟರು ಎನ್ನುವುದು ನನ್ನ ಅಭಿಪ್ರಾಯ. ನಮ್ಮ ಮೇಸ್ತ್ರಿಯ ಕೈಗೆ ಆ ಉರುಳೆ ಸಿಕ್ಕಿದ್ದರೆ ಅವರು ಅದನ್ನು ಖಂಡಿತ ಕೀಳುತ್ತಿರಲಿಲ್ಲ. ಕೆಳಗೆ ಕಳೆದುಕೊಳ್ಳದೆ ಮೇಲೆ ಕೊಡುವ ಉಪಾಯವನ್ನೇ ಅವರು ಜೀವಮಾನವಿಡೀ ಹುಡುಕುತ್ತಿದ್ದರು.

ಉಳಿದ ಕೀಳಾಟವನ್ನು ಬೇಗ ಹೇಳಿ ಮುಗಿಸಬಹುದು. ಸೈಲೆನ್ಸರಿನ ಒಳಕೊಳವೆ ತೆಗೆಯುವುದು, ಶಬ್ದಕ್ಕಾಗಿ. ಏರ್ ಫಿಲ್ಟರ್ ಬಿಸಾಡುವುದು, ಕರಿಕಲ್ಲು ಕ್ವಾರಿಗಳ ದೂಳಿನ ರಸ್ತೆಯಲ್ಲಿ. ಆರ್‌ಎಕ್ಸಿನಲ್ಲಿ ಆಯಿಲನ್ನು ತಾನಾಗಿ ಅಳೆದು ಹಾಕುವ ಪಂಪ್ ಇತ್ತು. ಅದನ್ನು ಮುಚ್ಚಿ ಪೆಟ್ರೋಲಿಗೇ ಟೂಟಿ ಆಯಿಲ್ ಸುರಿಯುವುದು, ಪಂಪ್ ಕೈಕೊಟ್ಟು ಇಂಜಿನ್ ಸೀಜ್ ಆಗುತ್ತದೆಂಬ ಹೆದರಿಕೆಗೆ. ಜೀಪು, ಟೆಂಪೊಗಳ ಸ್ಪೀಡ್ ಗವರ್ನರ್ ಕೀಳುವುದು ಆಮೇಲೆ ಬಂತು. ಅದಕ್ಕೂ ಆಮೇಲೆ ಕಾಮನ್ ರೈಲ್ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಒಂದು ಪಾಲನ್ನು ಇಂಜಿನ್ನಿಗೇ ಮರಳಿಸುವ ಇಜಿಆರ್‌ಗೆ ತಗಡು ಬಡಿದು ಮುಚ್ಚುವುದು. ಪೋರ್ಟಿನ ಕೆಲಸದಲ್ಲಿ ಒಂದು ವಿದ್ಯೆ ಇತ್ತು, ಕೊಟ್ಟದ್ದಕ್ಕೂ ಕಳೆದದ್ದಕ್ಕೂ ಲೆಕ್ಕ ಇತ್ತು. ಇವುಗಳಲ್ಲಿ ಬಹುಪಾಲಿಗೆ ಅದು ಇರಲಿಲ್ಲ. ಫಿಲ್ಟರ್ ಕಿತ್ತ ಇಂಜಿನ್ನುಗಳು ವರ್ಷ ತುಂಬುವ ಮೊದಲೇ ಬೋರ್ ಹೊಡೆಸಿಕೊಳ್ಳಲು ಲೇತಿಗೆ ಬರುತ್ತಿದ್ದವು.

ಫೋರ್ ಸ್ಟ್ರೋಕ್ ಗೆದ್ದ ಕಥೆ ಎಲ್ಲರಿಗೂ ಗೊತ್ತು. ಹೊಗೆಯ ಕಾಯಿದೆ ಬಿಗಿಯಾಯಿತು, ಮೈಲೇಜಿನ ಆಸೆ ದೊಡ್ಡದಾಯಿತು, ಹೀರೊ ಹೋಂಡಾ ಮನೆಮನೆಗೆ ಬಂತು. ಮೇಸ್ತ್ರಿಯ ದುಂಡು ಅರಕ್ಕೆ ಕೆಲಸ ಕಡಿಮೆಯಾಯಿತು. ಈಗ ಜಾವಾ ಹೆಸರು 2018ರಲ್ಲಿ ಮತ್ತೆ ಬಂದಿದೆ, ಆದರೆ ಇಂಜಿನ್ ಫೋರ್ ಸ್ಟ್ರೋಕ್, ಕಾರ್ಖಾನೆ ಮಧ್ಯಪ್ರದೇಶದ ಪೀತಂಪುರದಲ್ಲಿ.

ನಮ್ಮ ಕಡೆ ವಾಲ್ವ್ ಟೈಮಿಂಗ್ ಬದಲಿಸುವ ಇಂಜಿನ್ನನ್ನು ನಾನು ಮೊದಲು ಬಿಚ್ಚಿ ನೋಡಿದ್ದು ಸೆಕೆಂಡ್ ಹ್ಯಾಂಡ್ ಹೋಂಡಾ ಸಿಟಿಯಲ್ಲಿ. ಆ ಕಾರು 1998ರಲ್ಲಿ ಭಾರತಕ್ಕೆ ಬಂತು, ಕೆಲವು ವರ್ಷಗಳಲ್ಲೇ ಅದರ ವಿಟೆಕ್ ಮಾದರಿ ಬಂತು. ಹೋಂಡಾ ಈ ವಿಟೆಕ್ ಅನ್ನು ಕಾರಿಗೆ ಮೊದಲು ಹಾಕಿದ್ದು 1989ರಲ್ಲಿ, ಜಪಾನಿನ ಇಂಟೆಗ್ರಾ ಕಾರಿಗೆ: 1.6 ಲೀಟರಿನ ಟರ್ಬೊ ಇಲ್ಲದ ಇಂಜಿನ್ನಿನಿಂದ 160 ಹಾರ್ಸ್‌ಪವರ್, ಲೀಟರಿಗೆ ನೂರು. ಆ ಸಿಟಿಯ ಹೆಡ್ ಕವರ್ ಎತ್ತಿದಾಗ ಇನ್‌ಟೇಕ್ ಬದಿಯಲ್ಲಿ ಎರಡು ವಾಲ್ವಿಗೆ ಮೂರು ಕ್ಯಾಮ್ ಉಬ್ಬು ಕಂಡವು. ನಡುವಿನದು ಎತ್ತರದ್ದು. ಕೆಳಗಿನ ಆರ್‌ಪಿಎಂನಲ್ಲಿ ಅದು ಸುಮ್ಮನೆ ತಿರುಗುತ್ತದೆ. ವೇಗ ಏರಿದಾಗ ಕಂಪ್ಯೂಟರ್ ಒಂದು ಸೊಲೆನಾಯ್ಡ್ ತೆರೆಯುತ್ತದೆ, ಇಂಜಿನ್ ಆಯಿಲಿನ ಒತ್ತಡ ರಾಕರ್ ಆರ್ಮ್‌ಗಳ ಒಳಗಿನ ಪಿನ್ನುಗಳನ್ನು ತಳ್ಳುತ್ತದೆ, ಮೂರೂ ಆರ್ಮ್ ಒಂದಾಗಿ ನಡುವಿನ ಉಬ್ಬಿಗೆ ಕುಣಿಯುತ್ತವೆ. ನಡೆಯುವವನ ಉಸಿರೇ ಬೇರೆ, ಓಡುವವನ ಉಸಿರೇ ಬೇರೆ. ಈ ಇಂಜಿನ್ನಿಗೆ ಎರಡೂ ಬರುತ್ತವೆ.

ಈಗ ಹುಡುಗರ ಕೈಯಲ್ಲಿರುವುದು 2018ರಲ್ಲಿ ಬಂದ ಆರ್15 ಮೂರನೆಯ ಆವೃತ್ತಿ, ಅದರ ನಂತರದವು, ಮತ್ತು ಅದೇ ಇಂಜಿನ್ನಿನ ಎಂಟಿ 15. 2008ರ ಮೊದಲ ಆರ್15ಕ್ಕೆ 150 ಸಿಸಿ, 17 ಹಾರ್ಸ್‌ಪವರ್. ಮೂರನೆಯದಕ್ಕೆ 155 ಸಿಸಿ, 19.3. ಐದು ಸಿಸಿಯಿಂದ ಬಂದ ಬೆಳೆ ಅಲ್ಲ ಅದು. ಹೊಸದರಲ್ಲಿ ಇನ್‌ಟೇಕಿಗೆ ಎರಡು ಬಗೆಯ ಕ್ಯಾಮ್ ಇವೆ, 7,400 ಆರ್‌ಪಿಎಂ ದಾಟಿದಾಗ ಒಂದು ಸೊಲೆನಾಯ್ಡ್ ಪಿನ್ ತಳ್ಳಿ ದೊಡ್ಡ ಕ್ಯಾಮಿಗೆ ಕೆಲಸ ಒಪ್ಪಿಸುತ್ತದೆ. ಹುಡುಗರು ವಿವಿಎ ಅನ್ನುವುದು ಇದನ್ನೇ. ಆ ವೇಗದಲ್ಲಿ ಇನ್‌ಟೇಕ್ ವಾಲ್ವ್ ಸೆಕೆಂಡಿಗೆ ಅರವತ್ತಕ್ಕೂ ಹೆಚ್ಚು ಸಲ ತೆರೆದು ಮುಚ್ಚುತ್ತಿರುತ್ತದೆ. ಎರಡು ತೆರೆತದ ನಡುವಿನ ಚೂರು ವೇಳೆಯಲ್ಲಿ ಪಿನ್ ಕೂರಬೇಕು. ಕೂರುತ್ತದೆ. ದಿನಾ ಕೂರುತ್ತದೆ. ಮೊದಲ ಸಲ ಇದನ್ನು ಬಿಚ್ಚಿ ನೋಡಿದಾಗ ನನಗಾದ ಸಂತೋಷ ದೊಡ್ಡದು.

ಈಗ "ಲಾಕ್" ಅಂದರೆ ಏನು? ಪಿನ್ನನ್ನು ಶಾಶ್ವತವಾಗಿ ಒಳಗೆ ಕೂರಿಸಿ, ಯಾವಾಗಲೂ ದೊಡ್ಡ ಕ್ಯಾಮಿನಲ್ಲೇ ಓಡಿಸುವುದು. ಅಂದರೆ ಮೂವತ್ತು ವರ್ಷದ ಹಿಂದೆ ಅರ ಮಾಡುತ್ತಿದ್ದದ್ದನ್ನೇ ಮತ್ತೆ ಮಾಡುವುದು. 7,400ರ ಮೇಲೆ ಹೇಗಿದ್ದರೂ ದೊಡ್ಡ ಕ್ಯಾಮೇ ಕೆಲಸ ಮಾಡುತ್ತಿರುತ್ತದೆ, ಲಾಕ್ ಮಾಡಿದರೆ ಅಲ್ಲಿ ಹೊಸದಾಗಿ ಸಿಗುವುದು ಏನೂ ಇಲ್ಲ. ಕೆಳಗೆ ಮಾತ್ರ ಕಳೆದುಕೊಳ್ಳುವುದಿದೆ. ದಿಂಬಂನ ತಿರುವುಗಳು ಇನ್ನೂ ಅಲ್ಲೇ ಇವೆ. ಊಟಿಗೆ ಮಸಿನಗುಡಿಯಿಂದ ಹತ್ತುವ ಕಲ್ಲಹಟ್ಟಿ ಘಾಟಿಯಲ್ಲಿ ತಿರುವು 36.

ಕೀಳುವುದಕ್ಕೆ ನ್ಯಾಯ ಇರುವ ಜಾಗ ಒಂದಿದೆ, ಅದು ಟ್ರ್ಯಾಕು. ಇಂಜಿನ್ನನ್ನು ಎಂದೂ ಏಳೆಂಟು ಸಾವಿರದ ಕೆಳಗೆ ಬಿಡದ ಓಟಗಾರನಿಗೆ ಸಣ್ಣ ಕ್ಯಾಮು ಹೊರೆಯೇ. ತೂಕ, ಒಡೆಯಬಹುದಾದ ಇನ್ನೊಂದು ಭಾಗ, ಅಷ್ಟೆ. ಫಾರ್ಮುಲಾ ಒನ್ನಿನ ನಿಯಮಗಳೇ ಬದಲಾಗುವ ವಾಲ್ವ್ ಟೈಮಿಂಗನ್ನು ನಿಷೇಧಿಸಿವೆ. ಆದರೆ ಓಟದ ಲೋಕವೆಲ್ಲ ಅದನ್ನು ಬೇಡ ಅಂದಿದೆ ಎಂದು ಇದರಿಂದ ತಿಳಿಯಬಾರದು. ಮೋಟೊಜಿಪಿಯಲ್ಲಿ ವಿದ್ಯುತ್ತಿನಿಂದ, ಆಯಿಲ್ ಒತ್ತಡದಿಂದ ನಡೆಯುವ ಇಂಥ ವ್ಯವಸ್ಥೆಗೆ ಅವಕಾಶವಿಲ್ಲ ಎಂದಾಗ ಸುಜುಕಿಯವರು ಬರಿಯ ಉಕ್ಕಿನ ಗುಂಡುಗಳಿಂದ ಅದನ್ನು ಮಾಡಿ ತೋರಿಸಿದರು. ವೇಗ ಏರಿದಾಗ ಗುಂಡುಗಳು ಹೊರಕ್ಕೆ ಸರಿದು ಇನ್‌ಟೇಕ್ ಕ್ಯಾಮಿನ ಟೈಮಿಂಗನ್ನು ತಿರುಗಿಸುತ್ತವೆ. 2017ರ ಜಿಎಸ್‌ಎಕ್ಸ್-ಆರ್ 1000 ಬೈಕಿನಲ್ಲಿ ಅದನ್ನು ರಸ್ತೆಗೂ ತಂದರು. ಓಟದವರೇ ಇಷ್ಟು ಕಷ್ಟಪಟ್ಟು ಇಟ್ಟುಕೊಂಡದ್ದನ್ನು ಬೇಗೂರು, ತೆರಕಣಾಂಬಿಗೆ ಹೋಗಿಬರುವ ಬೈಕಿನಿಂದ ಕೀಳುವುದಕ್ಕೆ ನನಗೆ ಒಂದು ಕಾರಣವೂ ಕಾಣುವುದಿಲ್ಲ.

ಸಿಲಿಂಡರ್ ನಿಲ್ಲಿಸುವ ವಿಷಯ ಬೇರೆ. ಅದು ಶಕ್ತಿಗಾಗಿ ಇಟ್ಟದ್ದಲ್ಲ, ಪೆಟ್ರೋಲ್ ಉಳಿಸಲು ಇಟ್ಟದ್ದು. ನಮ್ಮಲ್ಲಿ ಅದು ಕಾಣುವುದು 2021ರಿಂದ ಬಂದ ಫೋಕ್ಸ್‌ವ್ಯಾಗನ್ ಟೈಗುನ್, ಸ್ಕೋಡಾ ಕುಶಾಕ್ ಕಾರುಗಳ 1.5 ಲೀಟರ್ ಟಿಎಸ್‌ಐ ಇಂಜಿನ್ನಿನಲ್ಲಿ. 150 ಹಾರ್ಸ್‌ಪವರಿನ ನಾಲ್ಕು ಸಿಲಿಂಡರ್ ಇಂಜಿನ್. ಬೇಗೂರಿನಿಂದ ನಂಜನಗೂಡಿನ ಕಡೆಗೆ ಎಪ್ಪತ್ತು ಎಂಬತ್ತರಲ್ಲಿ ಹದವಾಗಿ ಹೋಗುವಾಗ ಅಷ್ಟು ಶಕ್ತಿ ಬೇಕಿಲ್ಲ. ಆಗ ಕ್ಯಾಮ್ ಶಾಫ್ಟಿನ ಮೇಲೆ ಜಾರುವ ತುಂಡುಗಳನ್ನು ಒಂದು ಪಿನ್ ಪಕ್ಕಕ್ಕೆ ಸರಿಸುತ್ತದೆ, ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ವಾಲ್ವುಗಳು ಮುಚ್ಚಿಯೇ ಇರುತ್ತವೆ, ಅವಕ್ಕೆ ಪೆಟ್ರೋಲ್ ನಿಲ್ಲುತ್ತದೆ. ಇದೇ ಏರ್ಪಾಟು ಯುರೋಪಿನಲ್ಲಿ 2012ರಲ್ಲಿ 1.4 ಲೀಟರಿನ ಇಂಜಿನ್ನಿಗೆ ಬಂದಾಗ ಬದಲಾವಣೆಗೆ ಹಿಡಿಯುತ್ತಿದ್ದ ಕಾಲ ಕ್ಯಾಮಿನ ಅರ್ಧ ಸುತ್ತು. ಪೆಡಲ್ ಒತ್ತಿದ ಕೂಡಲೇ ನಾಲ್ಕೂ ಎದ್ದು ನಿಲ್ಲುತ್ತವೆ.

ಉಳಿತಾಯ ಎಲ್ಲಿಂದ ಬರುತ್ತದೆ ಎಂಬುದನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಎರಡು ಸಿಲಿಂಡರಿಗೆ ಪೆಟ್ರೋಲ್ ಇಲ್ಲದ್ದರಿಂದ ಖರ್ಚು ಅರ್ಧ ಆಗುವುದಿಲ್ಲ, ಉಳಿದೆರಡು ಇನ್ನಷ್ಟು ದುಡಿಯಬೇಕು. ಪೆಟ್ರೋಲ್ ಇಂಜಿನ್ ಹಗುರವಾಗಿ ಓಡುವಾಗ ಥ್ರಾಟಲ್ ಮುಕ್ಕಾಲು ಮುಚ್ಚಿರುತ್ತದೆ, ಆ ಸಂದಿನಿಂದ ಗಾಳಿ ಎಳೆಯಲು ಇಂಜಿನ್ ತನ್ನ ಶಕ್ತಿಯನ್ನೇ ಸವೆಸುತ್ತದೆ. ಎರಡೇ ಸಿಲಿಂಡರ್ ದುಡಿದರೆ ಥ್ರಾಟಲ್ ಇನ್ನಷ್ಟು ತೆರೆಯಬಹುದು, ಆ ಎಳೆತದ ನಷ್ಟ ಇಳಿಯುತ್ತದೆ. ಬಂಡೀಪುರದೊಳಗಿನ ಹಂಪುಗಳ ರಸ್ತೆಯಲ್ಲಿ ಬ್ರೇಕ್ ಹಿಡಿದು, ಬಿಟ್ಟು, ಒತ್ತಿ ಹೋಗುವವನಿಗೆ ಇದರಿಂದ ಹೆಚ್ಚು ಸಿಗುವುದಿಲ್ಲ. ಕಾಡು ದಾಟಿ ಮೇಲುಕಾಮನಹಳ್ಳಿಯ ಈಚೆ ಹದವಾಗಿ ಓಡಿಸುವವನಿಗೆ ಸಿಗುತ್ತದೆ.

ಕೀಳುವವರ ವಾದಕ್ಕೆ ಬಲ ಕೊಡುವ ಉದಾಹರಣೆ ಅಮೆರಿಕದಲ್ಲಿದೆ, ಅದನ್ನು ಮುಚ್ಚಿಡಬಾರದು. 1981ರಲ್ಲಿ ಕ್ಯಾಡಿಲ್ಯಾಕ್ ಎಂಟು, ಆರು, ನಾಲ್ಕು ಸಿಲಿಂಡರುಗಳ ನಡುವೆ ಬದಲಾಗುವ ಇಂಜಿನ್ ತಂದಿತು. ಆ ಕಾಲದ ಕಂಪ್ಯೂಟರಿಗೆ ಅಷ್ಟು ವೇಗ ಇರಲಿಲ್ಲ, ಕಾರು ಜಗ್ಗಾಡಿತು, ಎಷ್ಟೋ ಮಾಲೀಕರು ಅದರ ವೈರ್ ಕತ್ತರಿಸಿ ಎಂಟರಲ್ಲೇ ಓಡಿಸಿದರು. ಮರುವರ್ಷವೇ ಹೆಚ್ಚಿನ ಮಾದರಿಗಳಿಂದ ಅದನ್ನು ತೆಗೆದರು. 2000ದ ನಂತರ ಜನರಲ್ ಮೋಟಾರ್ಸ್ ತನ್ನ ವಿ8 ಇಂಜಿನ್ನುಗಳಲ್ಲಿ ಆಯಿಲ್ ಒತ್ತಡದಿಂದ ಸಡಿಲವಾಗುವ ಲಿಫ್ಟರುಗಳನ್ನಿಟ್ಟು ಮತ್ತೆ ಸಿಲಿಂಡರ್ ನಿಲ್ಲಿಸಿತು. ಆ ಲಿಫ್ಟರುಗಳು ಸಿಕ್ಕಿಕೊಂಡು ಕ್ಯಾಮ್ ಶಾಫ್ಟನ್ನೇ ತಿಂದ ದೂರುಗಳು ಬಹಳ. ಅಲ್ಲಿ ಹೆಚ್ಚು ಶಕ್ತಿಯ ಇಂಜಿನ್ ಕಟ್ಟುವವರು ಲಿಫ್ಟರ್, ಕ್ಯಾಮ್ ಎರಡನ್ನೂ ತೆಗೆದು ಸಾದಾ ಭಾಗ ಹಾಕುತ್ತಾರೆ. ಆ ಇಂಜಿನ್ನಿನ ಮಟ್ಟಿಗೆ ಅವರು ಮಾಡುವುದು ಸರಿ. ದೊಡ್ಡ ಕ್ಯಾಮ್ ಹಾಕಬೇಕಾದರೆ ಆ ಲಿಫ್ಟರ್ ಅಡ್ಡ ಬರುತ್ತದೆ, ಮುರಿದರೆ ಇಂಜಿನ್ನೇ ಹೋಗುತ್ತದೆ. ಕಳೆದುಕೊಳ್ಳುವುದೂ ಅಲ್ಪ: 2021ರಲ್ಲಿ ಚಿಪ್ ಕೊರತೆಯಾದಾಗ ಕಂಪನಿಯೇ ಕೆಲವು ಪಿಕಪ್ ಟ್ರಕ್ಕುಗಳನ್ನು ಈ ವ್ಯವಸ್ಥೆ ಇಲ್ಲದೆ ಮಾರಿತು, ಅದರಿಂದಾದ ನಷ್ಟ ಗ್ಯಾಲನ್ನಿಗೆ ಒಂದು ಮೈಲಿಯಷ್ಟು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಅರ್ಧ ಕಿಲೋಮೀಟರೂ ಅಲ್ಲ.

ಆ ಕಥೆಯನ್ನು ಕೇಳಿ ಚಾಮರಾಜನಗರದ ಟಿಎಸ್‌ಐ ಕಾರಿಗೆ ಕತ್ತರಿ ಹಿಡಿಯಬಾರದು. ಇಲ್ಲಿ ಲಿಫ್ಟರಿನ ತೊಡಕಿಲ್ಲ, ಜಾರುವ ಕ್ಯಾಮನ್ನು ಸರಿಸುವುದು ವಿದ್ಯುತ್ ಕಾಂತ. ಪೂರ್ತಿ ಪೆಡಲ್ ಒತ್ತಿದಾಗ ಆ ವ್ಯವಸ್ಥೆ ಕೆಲಸವನ್ನೇ ಮಾಡುತ್ತಿರುವುದಿಲ್ಲ, ಹಾಗಿರುವಾಗ ಅದನ್ನು ಕಿತ್ತರೆ ಶಕ್ತಿ ಎಲ್ಲಿಂದ ಬರಬೇಕು? ವಾರಂಟಿ ಹೋಗುವುದು ಮಾತ್ರ ಖಂಡಿತ. ಕಂಪನಿ ಮಾಡಿದ ಮೂಲ ಸ್ವರೂಪವನ್ನು ಮಾಲೀಕರು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿರುವುದೂ ನೆನಪಿರಲಿ.

ಹಾಗಾದರೆ ಈ ಇಂಜಿನ್ನುಗಳು ಕೆಡುವುದೇ ಇಲ್ಲವೇ? ಕೆಡುತ್ತವೆ, ಮತ್ತು ನಮ್ಮ ಕಡೆ ಕೆಡುವುದಕ್ಕೆ ನಾನು ಕಂಡ ಮುಖ್ಯ ಕಾರಣ ಆಯಿಲ್. ಹೋಂಡಾದ ವಿಟೆಕ್, 2011ರಿಂದ ಸ್ವಿಫ್ಟಿನಲ್ಲಿ ಬಂದ, ವಾಲ್ವ್ ಟೈಮಿಂಗ್ ಬದಲಿಸುವ ವಿವಿಟಿ, ಎರಡೂ ಆಯಿಲ್ ಒತ್ತಡದಿಂದಲೇ ನಡೆಯುತ್ತವೆ. ಆಯಿಲ್ ಕಂಟ್ರೋಲ್ ವಾಲ್ವಿನ ಮುಂದೆ ಸಣ್ಣ ಜಾಲರಿ ಇರುತ್ತದೆ. ಕಪ್ಪಾಗಿ ಗಟ್ಟಿಯಾದ ಆಯಿಲ್ ಅದರಲ್ಲಿ ಕಟ್ಟಿಕೊಂಡರೆ ಪಿನ್ ಸರಿಯಾಗಿ ಸರಿಯುವುದಿಲ್ಲ, ಟೈಮಿಂಗ್ ತಿರುಗಬೇಕಾದಾಗ ತಿರುಗುವುದಿಲ್ಲ. ಗಾಡಿ ಎಳೆಯುವುದಿಲ್ಲ, ಇಂಜಿನ್ ಲೈಟ್ ಹತ್ತುತ್ತದೆ, ಮಾಲೀಕ "ಈ ವಿವಿಟಿನೇ ಸರಿ ಇಲ್ಲ" ಅನ್ನುತ್ತಾನೆ. ಲಾರಿಗೆ ಹಾಕುವ ದಪ್ಪ ಆಯಿಲನ್ನೇ ಕಾರಿಗೂ ಸುರಿಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಯೆಜ್ಡಿ ಅದನ್ನೆಲ್ಲ ಸಹಿಸುತ್ತಿತ್ತು. ಕೂದಲೆಳೆಯಷ್ಟು ಸಂದಿನಲ್ಲಿ ಪಿನ್ ಜಾರಿಸುವ ಇಂಜಿನ್ ಸಹಿಸುವುದಿಲ್ಲ.

ಹಳೆಯ ಮೇಸ್ತ್ರಿಗಳ ಕೈಚಳಕ ಈಗ ಯಾರಿಗೂ ಇಲ್ಲ ಎಂದು ಗೋಳಾಡುವವರ ಜೊತೆ ನಾನಿಲ್ಲ. ಗುಂಡ್ಲುಪೇಟೆಯಲ್ಲಿ ಇವತ್ತು ಸ್ಕ್ಯಾನರ್ ಹಿಡಿದು, ಲೈವ್ ಡೇಟಾದಲ್ಲಿ ಕ್ಯಾಮ್ ಎಷ್ಟು ಡಿಗ್ರಿ ತಿರುಗಿದೆ ಎಂದು ಓದಿ, ತೊಂದರೆ ಸೊಲೆನಾಯ್ಡಿನದೋ ಟೈಮಿಂಗ್ ಚೈನಿನದೋ ಎಂದು ಬೇರೆ ಮಾಡುವ ಹುಡುಗರಿದ್ದಾರೆ. ಕಾಗದದ ಮೇಲೆ ಮಸಿಯಲ್ಲಿ ಪೋರ್ಟ್ ಮೂಡಿಸುತ್ತಿದ್ದವರ ಕೆಲಸಕ್ಕಿಂತ ಇದು ಕಡಿಮೆಯದಲ್ಲ. ಮೇಸ್ತ್ರಿ ಗಿರಾಕಿಗೆ ಕಳೆದುಕೊಳ್ಳುವುದೇನೆಂದು ಮೊದಲೇ ಹೇಳುತ್ತಿದ್ದರು, ಆ ಮಾತನ್ನು ಮಾತ್ರ ಈಗಿನವರೂ ಹೇಳಬೇಕು.

ಆದ್ದರಿಂದ ಬೈಕು, ಕಾರು ಇಟ್ಟುಕೊಂಡಿರುವ ನಮ್ಮ ಕಡೆಯ ಹುಡುಗರಲ್ಲಿ ಕೇಳುವುದಿಷ್ಟು. ಏನನ್ನಾದರೂ ಕೀಳಿಸುವ ಮುನ್ನ ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡಿನ ಆಯಿಲ್ ಹಾಕಿಸಿ, ಜಾಲರಿ ಬಿಚ್ಚಿ ತೊಳೆಸಿ, ಸ್ಕ್ಯಾನರ್ ಹಾಕಿಸಿ ನೋಡಿ. ಆಮೇಲೂ ಕೀಳಲೇಬೇಕು ಎನಿಸಿದರೆ, ಗಾಡಿಯನ್ನು ಒಮ್ಮೆ ಬಣ್ಣಾರಿಯಿಂದ ದಿಂಬಂಗೆ ಹತ್ತಿಸಿ, ಕೆಳಗಿನ ಆರ್‌ಪಿಎಂ ನಿಮಗೆ ಬೇಕೋ ಬೇಡವೋ ಎಂದು ತಿಳಿದುಕೊಂಡು ತೀರ್ಮಾನ ಮಾಡಿ.